1024×768ಕ್ಕೆ ಅಂಟಿಕೊಂಡ ಮಾನಿಟರ್: ಎಕ್ಸ್‌ರ್ಯಾಂಡರ್‌ಗೆ ಕೈಹಾಕುವ ಮುನ್ನ

ಹೊರಗಿನಿಂದ ಜೋಡಿಸಿದ ಮಾನಿಟರ್ 1024×768ಕ್ಕಿಂತ ಮೇಲೇರುತ್ತಿಲ್ಲ, ಲಿನಕ್ಸ್‌ಗೆ ಹೊಸಬ, 1920×1080 ಬರಲು ಪರದೆಯ ಅಳತೆ ಬದಲಿಸುವ ಎಕ್ಸ್‌ರ್ಯಾಂಡರ್ ಆಜ್ಞೆ ಕೊಡಬೇಕೋ, ಪರದೆಗೆ ಚಿತ್ರ ಮೂಡಿಸುವ ಎಕ್ಸ್‌ಆರ್ಗ್ ತಂತ್ರಾಂಶಕ್ಕೆ ಸೆಟ್ಟಿಂಗ್‌ಗಳ ಕಡತ ಬರೆಯಬೇಕೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಎರಡನ್ನೂ ಮಾಡಿ ಹನ್ನೊಂದು ದಿನ ಕಳೆದುಕೊಂಡವನು ನಾನು.

ನಾನು ಕನ್ನಡ ಪುಸ್ತಕಗಳ ಕರಡು ತಿದ್ದುವವನು. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡು, ಕಣ್ಣಿಗೆ ಹಿತವಾಗಲೆಂದು ದೊಡ್ಡ ಮಾನಿಟರ್ ಕೊಂಡು ತಂದಾಗ ಅದೂ ಇದೇ ಅಳತೆಯಲ್ಲಿ ನಿಂತುಬಿಟ್ಟಿತು. ಚೌಕಕ್ಕೆ ಹತ್ತಿರದ ಚಿತ್ರವನ್ನು ಅಗಲವಾದ ಪರದೆಗೆ ಹಿಗ್ಗಿಸಿದರೆ ಅಕ್ಷರಗಳು ದಪ್ಪಗಾಗುವುದಲ್ಲದೆ ಅಂಚುಗಳೂ ಕಲಸಿಹೋಗುತ್ತವೆ. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ಅಂತರ ಅಡಿಯ ಒಂದು ಸಣ್ಣ ಗೀಟು ಮಾತ್ರ; ಆ ಗೀಟೇ ಕಾಣದಿದ್ದರೆ ನನ್ನ ಕಸುಬು ನಡೆಯುವುದಿಲ್ಲ.

ತಪ್ಪು ನಡೆದದ್ದು ಮಾನಿಟರ್ ಮನೆಗೆ ಬರುವುದಕ್ಕೂ ಮೂರು ವಾರ ಮುಂಚೆ. ಲಿನಕ್ಸ್ ಸ್ಥಾಪಿಸುವಾಗ ಪರದೆ ಕಪ್ಪಾಗಿತ್ತು. ಯಂತ್ರ ಶುರುವಾಗುವಾಗ ಲಿನಕ್ಸನ್ನು ಎಬ್ಬಿಸುವ ಗ್ರಬ್ ಎಂಬ ತಂತ್ರಾಂಶದ ಪಟ್ಟಿಯಲ್ಲಿ ‘ಇ’ ಕೀಲಿ ಒತ್ತಿ, ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಸೂಚನೆ ಕೊಡುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂಬ ಪದ ಸೇರಿಸು ಎಂದು ಪರಿಚಿತರೊಬ್ಬರು ಹೇಳಿದರು. ಸೇರಿಸಿದೆ, ಪರದೆ ಬೆಳಗಿತು. ಪ್ರತಿ ಸಲ ಟೈಪ್ ಮಾಡಲು ಬೇಸರವಾಗಿ ಗ್ರಬ್‌ನ ಕಡತದಲ್ಲಿ ಮೊದಲೇ ಇದ್ದ ‘ಕ್ವಯಟ್ ಸ್ಪ್ಲಾಶ್’ ಪದಗಳ ಪಕ್ಕದಲ್ಲೇ ಅದನ್ನು ಕಾಯಂ ಆಗಿ ಬರೆದು, ‘ಅಪ್‌ಡೇಟ್ ಗ್ರಬ್’ ಓಡಿಸಿ ಮರೆತುಬಿಟ್ಟೆ. ಪದದ ಅರ್ಥವೇನೆಂದು ಕೇಳಲಿಲ್ಲ. ಪದಗಳನ್ನೇ ನಂಬಿ ಬದುಕುವವನು ಕೇಳದೆ ಹೋದದ್ದು ಈಗಲೂ ನಾಚಿಕೆ ತರುತ್ತದೆ.

ಅರ್ಥ ಇಷ್ಟು. ಪರದೆಗೆ ಎಷ್ಟು ಚುಕ್ಕಿಗಳನ್ನು, ಸೆಕೆಂಡಿಗೆ ಎಷ್ಟು ಸಲ ಕಳುಹಿಸಬೇಕೆಂದು ನಿರ್ಧರಿಸುವ ಕೆಲಸವನ್ನು ಇಂದಿನ ಲಿನಕ್ಸ್‌ನಲ್ಲಿ ಕರ್ನೆಲ್ಲೇ ಮಾಡುತ್ತದೆ. ಇಂಟೆಲ್ ಗ್ರಾಫಿಕ್ಸ್‌ಗೆ ಈ ವ್ಯವಸ್ಥೆ 2009ರಲ್ಲಿ 2.6.29ನೇ ಆವೃತ್ತಿಯೊಂದಿಗೆ ಬಂತು. ನೋಮೋಡ್‌ಸೆಟ್ ಎಂದರೆ ‘ಆ ಗೊಡವೆಗೆ ಹೋಗಬೇಡ’ ಎಂದು ಕರ್ನೆಲ್‌ಗೆ ಕೊಡುವ ಅಪ್ಪಣೆ. ಆಗ ನಿಜವಾದ ಗ್ರಾಫಿಕ್ಸ್ ಚಾಲಕ ಕೆಲಸಕ್ಕೆ ಇಳಿಯುವುದೇ ಇಲ್ಲ, ಯಂತ್ರ ಶುರುವಾದಾಗ ಅದರೊಳಗೇ ಇರುವ ಮೂಲ ತಂತ್ರಾಂಶ, ಅಂದರೆ ಫರ್ಮ್‌ವೇರ್, ಹಾಕಿಕೊಟ್ಟ ಅಳತೆಯೇ ಕೊನೆಯವರೆಗೂ ಉಳಿಯುತ್ತದೆ. ಪ್ರತಿ ಮಾನಿಟರ್ ತನಗೆ ಯಾವ ಅಳತೆಗಳು ಒಗ್ಗುತ್ತವೆ ಎಂಬುದನ್ನು ಇಡಿಐಡಿ ಎಂಬ ಪುಟ್ಟ ದಾಖಲೆಯಲ್ಲಿ ಇಟ್ಟುಕೊಂಡಿರುತ್ತದೆ; ಅದರ ಮೂಲಭಾಗ ಬರೀ 128 ಬೈಟ್. ನನ್ನ ಮಾನಿಟರ್ ಉತ್ತರ ಹೇಳಲು ಸಿದ್ಧವಾಗಿಯೇ ಇತ್ತು, ಆದರೆ ಪ್ರಶ್ನೆ ಕೇಳಬೇಕಾದವನ ಬಾಯಿಗೆ ನಾನೇ ಬಟ್ಟೆ ತುರುಕಿದ್ದೆ.

ಸೂಚನೆಗಳು ಇದ್ದವು. ಫ್ಯಾನ್ ಸುಮ್ಮನಾಗುತ್ತಿರಲಿಲ್ಲ, ಏಕೆಂದರೆ ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರ್ ತಲೆಗೆ ಬಿದ್ದಿತ್ತು. ಬೆಳಕು ಹೆಚ್ಚಿಸುವ ಕೀಲಿಗಳು ಕೆಲಸ ಮಾಡುತ್ತಿರಲಿಲ್ಲ. ಎಕ್ಸ್‌ರ್ಯಾಂಡರ್ ಎರಡು ಪರದೆಗಳ ಹೆಸರು ತೋರಿಸುವ ಬದಲು ‘ಡೀಫಾಲ್ಟ್’ ಎಂಬ ಒಂದನ್ನೇ ತೋರಿಸುತ್ತಿತ್ತು. ಇದೆಲ್ಲ ಲಿನಕ್ಸ್‌ನ ಗುಣವೇ ಇರಬೇಕೆಂದುಕೊಂಡೆ. ಹೊಸ ಅಳತೆಗೆ ಬೇಕಾದ ಅಂಕಿಗಳನ್ನು ಲೆಕ್ಕಹಾಕುವ ಸಿವಿಟಿ ಆಜ್ಞೆಯಿಂದ 173.00ರಿಂದ ಆರಂಭವಾಗುವ ಅಂಕಿಗಳ ಸಾಲನ್ನು ಪಡೆದು, ಎಕ್ಸ್‌ರ್ಯಾಂಡರ್‌ಗೆ ಹತ್ತಾರು ಸಲ ಉಣಿಸಿದೆ. ಪ್ರತಿ ಸಲವೂ ತಿರಸ್ಕಾರ. ಎಕ್ಸ್‌ಆರ್ಗ್ ಕಡತ ಬರೆದ ದಿನವಂತೂ ಲಾಗಿನ್ ಪುಟವೇ ಬರಲಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಆಜ್ಞೆಗಳನ್ನಷ್ಟೇ ಟೈಪ್ ಮಾಡಬಹುದಾದ ಕಪ್ಪು ಪರದೆಯ ಕನ್ಸೋಲ್‌ಗೆ ಹೋಗಿ ಆ ಕಡತವನ್ನು ಅಳಿಸಿದೆ. ಈ ನಡುವೆ 96 ಪುಟಗಳ ಕರಡೊಂದನ್ನು ಆ ಮಸುಕಿನಲ್ಲೇ ತಿದ್ದಿ ಕೊಟ್ಟಿದ್ದೆ. ಲೇಖಕರು ಹದಿನಾಲ್ಕು ಕಡೆ ದಕಾರ-ಧಕಾರದ ತಪ್ಪು ಹಿಡಿದರು. ನಾನು ಸಂಭಾವನೆ ತೆಗೆದುಕೊಳ್ಳಲಿಲ್ಲ, ಅವರು ಮತ್ತೆ ಕೆಲಸ ಕೊಡಲಿಲ್ಲ.

ಹನ್ನೊಂದನೆಯ ದಿನ, ಸಹಾಯ ಕೇಳಲೆಂದು ಯಂತ್ರದ ವಿವರಗಳನ್ನು ಒಟ್ಟುಮಾಡುವಾಗ ಶುರುವಾಗುವಾಗ ಕರ್ನೆಲ್‌ಗೆ ಕೊಟ್ಟ ಸೂಚನೆಗಳನ್ನು ತೋರಿಸುವ, ‘ಪ್ರಾಕ್’ ಡೈರೆಕ್ಟರಿಯ ‘ಸಿಎಂಡಿಲೈನ್’ ಕಡತ ತೆರೆದೆ. ಒಂದೇ ಸಾಲು, ಅದರ ಕೊನೆಯಲ್ಲಿ ನಾನೇ ನೆಟ್ಟ ಪದ. ಅದನ್ನು ಗ್ರಬ್ ಕಡತದಿಂದ ಕಿತ್ತು, ಮತ್ತೆ ‘ಅಪ್‌ಡೇಟ್ ಗ್ರಬ್’ ಓಡಿಸಿ, ಯಂತ್ರವನ್ನು ಮರುಪ್ರಾರಂಭಿಸಿದೆ. ಅಷ್ಟರಲ್ಲಿ ಹೊಸ ಕರ್ನೆಲ್ ಬಂದಿದ್ದರಿಂದ ಮೊದಲಿನ ಕಪ್ಪು ಪರದೆಯ ತೊಂದರೆಯೂ ಇರಲಿಲ್ಲ. ಸೆಟ್ಟಿಂಗ್ಸ್ ತೆರೆಯುವ ಮೊದಲೇ ಪರದೆ 1920×1080ಕ್ಕೆ ಬಂದಿತ್ತು.

ಆದ್ದರಿಂದ ನೀವು ಮೊದಲು ಆ ಸಿಎಂಡಿಲೈನ್ ಕಡತ ನೋಡಿ. ಪದ ಅಲ್ಲಿದ್ದರೆ ನನ್ನ ಹಾಗೆ ನೇರವಾಗಿ ಕಿತ್ತುಹಾಕಬೇಡಿ. ಗ್ರಬ್‌ನಲ್ಲಿ ‘ಇ’ ಒತ್ತಿ ಆ ಒಂದು ಬಾರಿಗೆ ಮಾತ್ರ ತೆಗೆದು ನೋಡಿ. ಪರದೆ ಕಪ್ಪಾದರೂ ಮುಂದಿನ ಸಲ ಎಲ್ಲ ಹಿಂದಿನಂತೆಯೇ ಇರುತ್ತದೆ. ಪದ ಇಲ್ಲವಾದರೆ, ಮತ್ತು ನಿಮ್ಮದು ವಿಜಿಎ ಕೇಬಲ್ ಆಗಿದ್ದರೆ, ಯಾರದಾದರೂ ಬೇರೆ ಕೇಬಲ್ ತಂದು ಹಾಕಿ: ಇಡಿಐಡಿ ಸಾಗುವುದು ವಿಜಿಎಯ 12 ಮತ್ತು 15ನೆಯ ಪಿನ್ನುಗಳಲ್ಲಿ, ಕೆಲವು ಅಗ್ಗದ ಕೇಬಲ್‌ಗಳಲ್ಲಿ ಆ ತಂತಿಗಳೇ ಇರುವುದಿಲ್ಲ. ಎಕ್ಸ್‌ರ್ಯಾಂಡರ್‌ನ ಮಾತು ಅದಾದ ಮೇಲೆ. ನಿಮ್ಮದು ಎಕ್ಸ್‌ಆರ್ಗ್ ಬದಲು ಬಂದಿರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಸೆಷನ್ ಆಗಿದ್ದರೆ ಎಕ್ಸ್‌ರ್ಯಾಂಡರ್‌ನಿಂದ ಹೊಸ ಅಳತೆ ಸೇರಿಸಲು ಆಗುವುದೂ ಇಲ್ಲ. ಸಿಎಂಡಿಲೈನ್‌ನ ಸಾಲು ಮತ್ತು ಕೇಬಲ್ ಯಾವುದೆಂಬುದು, ಇವೆರಡನ್ನು ಪ್ರಶ್ನೆಗೆ ಸೇರಿಸಿ; ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ.