ಠಾಣೆಯಲ್ಲಿ ಒಪ್ಪಿಕೊಂಡರೆ ಕೊಲೆ ಕೇಸು ಮುಗಿದ ಹಾಗಾ?

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಕೊಲೆಯಾಗಿ, ಕೂಲಿಯವನೊಬ್ಬ ಠಾಣೆಯಲ್ಲಿ ಒಪ್ಪಿಕೊಂಡರೆ ಇನ್ನು ತನಿಖೆ ಯಾಕೆ ಅಂತ ಕೇಳಿದ್ದೀರಿ. ಬೇಕೇ ಬೇಕು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವ ಹಾಗಿಲ್ಲ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹೇಳುವುದು ಇದನ್ನೇ. ಅವನ ಮಾತಿನಿಂದ ಏನಾದರೂ ಹೊಸದಾಗಿ ಸಿಕ್ಕಿದರೆ ಅಷ್ಟು ಭಾಗ ಮಾತ್ರ ನಿಲ್ಲುತ್ತದೆ.

ಸುಮ್ನೆ ಕತ್ತಿ ಸಿಕ್ತು ಅಂದ್ರೆ ಸಾಲದು. ನಮ್ಮ ಕಡೆ ತೋಟದ ಕೂಲಿಯವರು ಇರುವ ಲೈನ್ ಮನೆಗಳಲ್ಲಿ ಕತ್ತಿ ಇದ್ದೇ ಇರುತ್ತದೆ ಅಲ್ವಾ? ಹಿಡಿಯ ಸಂದಿಯಲ್ಲಿ ಒಣಗಿದ ರಕ್ತ ಕೋಳಿಯದ್ದಾ, ಮನುಷ್ಯರದ್ದಾ, ಮನುಷ್ಯರದ್ದಾದರೆ ಯಾರದ್ದು ಅಂತ ಲ್ಯಾಬ್ ಹೇಳಬೇಕು. ನಾನಾದರೆ ಮೊದಲು ತೋಟದ ರೈಟರ್, ಅಂದ್ರೆ ಲೆಕ್ಕ ಬರೆಯುವವನು, ಬರೆದ ಆ ದಿನದ ಹಾಜರಿ ಪುಸ್ತಕ ನೋಡುತ್ತೇನೆ, ಆಮೇಲೆ ಮೊಬೈಲ್ ಟವರ್ ದಾಖಲೆ. ಸಾಕ್ಷಿ ಸಾಲದಿದ್ದರೆ ತನಿಖಾಧಿಕಾರಿಯೇ ಆರೋಪಿಯಿಂದ, ಕರೆದಾಗ ಕೋರ್ಟಿಗೆ ಬರುತ್ತೇನೆ ಅಂತ ಬಾಂಡ್ ಬರೆಸಿಕೊಂಡು ಬಿಡಬೇಕು. ಚಾರ್ಜ್‌ಶೀಟ್ ಹಾಕಿದ ಮೇಲೂ ಹೊಸ ಸುಳಿವು ಸಿಕ್ಕಿದರೆ ಮತ್ತೆ ತನಿಖೆ ಮುಂದುವರಿಸಬಹುದು.