ಅತ್ತೆಯನ್ನೇ ಒಂದು ಮಾತು ಕೇಳಿ ನೋಡಿ

ಪ್ರಶ್ನೆ: ನಾವು ಶಿಡ್ಲಘಟ್ಟದವರು, ರೇಷ್ಮೆ ನೂಲು ತೆಗೆಯುವ ಕೆಲಸ. ಮಗನಿಗೆ 9 ವರ್ಷ. ಮೊದಲಿಂದಲೂ ವಾರಕ್ಕೆ ನಾಲ್ಕೈದು ರಾತ್ರಿ ಹಾಸಿಗೆಯಲ್ಲೇ ಉಚ್ಚೆ ಮಾಡಿಕೊಳ್ಳುತ್ತಾನೆ. ಹಗಲು ಏನೂ ತೊಂದರೆಯಿಲ್ಲ. ಅತ್ತೆ ‘ಬರೆ ಹಾಕಿಸು, ನಿಲ್ಲುತ್ತೆ’ ಅಂತಾರೆ. ಪರಿಚಯದವರು ಸ್ಕ್ಯಾನು, ಬೆನ್ನಿನ ಎಂಆರ್‌ಐ ಮಾಡಿಸಿ ಅಂತಾರೆ. ಅದಕ್ಕೆ ಸಾಲ ಮಾಡಬೇಕು. ಇನ್ನು ಎರಡು ತಿಂಗಳಿಗೆ ಸ್ಕೂಲ್ ಟ್ರಿಪ್ ಬೇರೆ ಇದೆ. ಏನು ಮಾಡಲಿ?

ಉತ್ತರ: ಬರೆ ಬೇಡವೇ ಬೇಡ ತಾಯಿ. ಅವನು ಬೇಕಂತ ಮಾಡುತ್ತಿಲ್ಲ. ಉಚ್ಚೆಚೀಲ ತುಂಬಿದರೂ ಅವನಿಗೆ ಎಚ್ಚರ ಆಗುತ್ತಿಲ್ಲ, ಅಷ್ಟೇ. ಕೆಲವು ಮಕ್ಕಳಲ್ಲಿ ರಾತ್ರಿ ಮೂತ್ರ ಕಡಿಮೆ ಮಾಡುವ ಹಾರ್ಮೋನೂ ಸಾಲದು. ಒಂದು ದಿನ ಕಾಫಿ ಕೊಡುತ್ತಾ ಅತ್ತೆಯನ್ನು ಕೇಳಿ: ‘ಇವನಪ್ಪ ಎಷ್ಟು ವರ್ಷದವರೆಗೆ ಹಾಸಿಗೆ ಒದ್ದೆ ಮಾಡ್ತಿದ್ರು ಅತ್ತೆ?’ ಆಗ ನಿಮ್ಮ ಯಜಮಾನರ ಮುಖವನ್ನೂ ನೋಡಿ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದಿದ್ದರೆ ಮಕ್ಕಳಿಗೆ ಬರುವುದು 100ಕ್ಕೆ 40ಕ್ಕೂ ಜಾಸ್ತಿ. ಇಬ್ಬರಿಗೂ ಇದ್ದಿದ್ದರೆ ಮುಕ್ಕಾಲು ಪಾಲು. ಎಳ್ಳುಬೆಲ್ಲ ತಿನ್ನಿಸಿ ಅನ್ನುವವರೂ ಸಿಗುತ್ತಾರೆ. ತಿನ್ನಲಿ, ರುಚಿಯಾಗಿರುತ್ತೆ, ಆದರೆ ಅದು ಔಷಧಿಯಲ್ಲ.

ಸಾಲ ಮಾಡಿ ಎಂಆರ್‌ಐ ಮಾಡಿಸುವುದಕ್ಕೆ ನಿಮ್ಮ ಪತ್ರದಲ್ಲಿ ನನಗೆ ಕಾರಣ ಕಾಣಲಿಲ್ಲ. ದೊಡ್ಡ ಪರೀಕ್ಷೆ ಒಂದು ನೋಟ್‌ಬುಕ್ಕಿನಲ್ಲೇ ಆಗುತ್ತದೆ. ಎರಡು ವಾರ, ಯಾವ ರಾತ್ರಿ ಒದ್ದೆ, ಯಾವ ರಾತ್ರಿ ಒಣ ಅಂತ ಬರೆದಿಡಿ. ರಜೆಯ ಎರಡು ದಿನ ಅವನು ಎಷ್ಟು ನೀರು ಕುಡಿದ, ಒಂದು ಸಲಕ್ಕೆ ಎಷ್ಟು ಉಚ್ಚೆ ಹೊಯ್ದ ಅಂತ ಅಳತೆ ಗೆರೆ ಇರುವ ಡಬ್ಬದಲ್ಲಿ ನೋಡಿ. ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿದರೆ ಚೀಲ ಎಷ್ಟು ಹಿಡಿಯಬೇಕು ಅನ್ನುವ ಅಂದಾಜು. ನಿಮ್ಮ ಮಗನಿಗೆ 300 ಮಿಲಿ. ಮಲ ಗಟ್ಟಿಯಾಗಿದೆಯಾ ಅಂತಲೂ ಗಮನಿಸಿ. ಕಟ್ಟಿಕೊಂಡ ಮಲ ಚೀಲವನ್ನು ಒತ್ತುತ್ತದೆ, ಇದನ್ನು ಯಾರೂ ಕೇಳುವುದೇ ಇಲ್ಲ. ಆ ನೋಟ್‌ಬುಕ್ ಹಿಡಿದು ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಮೈ ಮುಟ್ಟಿ ನೋಡುತ್ತಾರೆ, ಸಕ್ಕರೆ, ಸೋಂಕು ಇದೆಯಾ ಅಂತ ಮೂತ್ರ ಪರೀಕ್ಷೆ ಬರೆದುಕೊಡುತ್ತಾರೆ. ಹೆಚ್ಚಿನ ಮಕ್ಕಳಿಗೆ ಇಷ್ಟೇ ಸಾಕು.

ಹಗಲೂ ಬಟ್ಟೆ ಒದ್ದೆಯಾದರೆ, ಧಾರೆ ಸಣ್ಣಗಿದ್ದರೆ, ಉರಿಯಿದ್ದರೆ, ಕಾಲು ಸೋತರೆ, ಆರು ತಿಂಗಳು ಒಣಗಿದ್ದು ಮತ್ತೆ ಶುರುವಾದರೆ ಸ್ಕ್ಯಾನಿನ ಮಾತು ಬೇರೆ. ವಿಪರೀತ ಬಾಯಾರಿಕೆಯಾಗಿ ಮಗು ಇಳಿದುಹೋಗುತ್ತಿದ್ದರೆ ಅವತ್ತೇ ಸಕ್ಕರೆ ನೋಡಿಸಬೇಕು.

ನೀರು ಹಗಲು ಚೆನ್ನಾಗಿ ಕುಡಿಯಲಿ, ರಾತ್ರಿ ಕಡಿಮೆ. ಸ್ಕೂಲಿನ ಟಾಯ್ಲೆಟ್ ಗಲೀಜು ಅಂತ ಎಷ್ಟೋ ಮಕ್ಕಳು ಕಟ್ಟಿಕೊಂಡೇ ಮನೆಗೆ ಬರುತ್ತವೆ, ಸುಮ್ನೆ ಒಮ್ಮೆ ವಿಚಾರಿಸಿ. ಚಡ್ಡಿ ಒದ್ದೆಯಾದ ತಕ್ಷಣ ಕೂಗುವ ಅಲಾರಂ ಸಿಗುತ್ತದೆ. ಎರಡು ಮೂರು ತಿಂಗಳು ಬಿಡದೆ ಹಾಕಿದರೆ ಮೂವರಲ್ಲಿ ಇಬ್ಬರಿಗೆ ಗುಣ ಕಾಣುತ್ತದೆ. ಆದರೆ ಮೊದಮೊದಲು ಏಳುವುದು ಅವನಲ್ಲ, ನೀವು! ದಿನವೆಲ್ಲ ದುಡಿದು ಮಲಗುವವರು, ಯಜಮಾನರ ಜೊತೆ ಪಾಳಿ ಹಾಕಿಕೊಳ್ಳಿ.

ಟ್ರಿಪ್‌ಗೆ ಖಂಡಿತ ಕಳಿಸಿ. ಡೆಸ್ಮೋಪ್ರೆಸಿನ್ ಅನ್ನುವ ಮಾತ್ರೆ ಅಂಥ ರಾತ್ರಿಗಳಿಗೆ ಆಗಿಬರುತ್ತದೆ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ, ಅದೂ ಟ್ರಿಪ್‌ಗೆ ಮುಂಚೆಯೇ ಮನೆಯಲ್ಲಿ ಕೊಟ್ಟು ನೋಡಿ. ಮಾತ್ರೆಗೆ ಒಂದು ಗಂಟೆ ಮುಂಚಿನಿಂದ ಆಮೇಲಿನ ಎಂಟು ಗಂಟೆವರೆಗೆ ನೀರು ಹೆಚ್ಚು ಕುಡಿಯಬಾರದು. ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಕೂಡ ಬರಬಹುದು. ಇದನ್ನು ಜೊತೆಗೆ ಹೋಗುವ ಟೀಚರ್ ಒಬ್ಬರ ಕಿವಿಗೆ ಮಾತ್ರ ಹಾಕಿ. ಬ್ಯಾಗಿನ ತಳದಲ್ಲಿ ಎರಡು ಚಡ್ಡಿ, ಒಂದು ಪ್ಲಾಸ್ಟಿಕ್ ಕವರ್ ಇಟ್ಟು, ಎಲ್ಲಿದೆ ಅಂತ ಅವನಿಗೇ ತೋರಿಸಿ.