ಜೆಸ್ಸೊ ಹೊಡೆದ ಮೇಲೆ ಚೌಕಟ್ಟು ತಿರುಚಿಕೊಂಡಿತು, ಯಾಕೆ?

ಪ್ರಶ್ನೆ: ನಾನು ಸಿರುಗುಪ್ಪದವನು. ದೊಡ್ಡ ಅಳತೆಯ ರೆಡಿಮೇಡ್ ಕ್ಯಾನ್ವಾಸ್ ದುಬಾರಿ ಅಂತ ಬಡಗಿ ಹತ್ತಿರ 3x4 ಅಡಿಯ ಚೌಕಟ್ಟು ಮಾಡಿಸಿದೆ. ಕೋರಾ ಕಾಟನ್ ಕ್ಯಾನ್ವಾಸ್ ತಂದು ನಾನೇ ಚೆನ್ನಾಗಿ ಎಳೆದು ಬಿಗಿದೆ. ಮೂರು ಕೋಟ್ ಜೆಸ್ಸೊ (ಬಣ್ಣಕ್ಕೆ ಮುಂಚೆ ಬಟ್ಟೆಗೆ ಹಚ್ಚುವ ಬಿಳಿ ಲೇಪ) ಹೊಡೆದು ಬಿಸಿಲಿಗಿಟ್ಟೆ. ಈಗ ಒಂದು ಮೂಲೆ ಗೋಡೆಯಿಂದ ಎದ್ದು ನಿಂತಿದೆ, ಮೂಲೆಗಳಲ್ಲಿ ನೆರಿಗೆ ಬಿದ್ದಿದೆ. ಚೌಕಟ್ಟಿನ ಒಳಅಂಚಿನ ಗೆರೆಯೂ ಬಟ್ಟೆ ಮೇಲೆ ಮೂಡಿದೆ. ಎಲ್ಲಿ ತಪ್ಪಿತು?

ಉತ್ತರ: "ಚೆನ್ನಾಗಿ ಎಳೆದು" ಅಂದಿದ್ದೀರಲ್ಲ, ನನಗೆ ಅನುಮಾನ ಅಲ್ಲೇ. ಕ್ಯಾನ್ವಾಸ್ ತಟ್ಟಿದರೆ ತಮಟೆ ಹಾಗೆ ಸದ್ದು ಬರಬೇಕು ಅಂತ ಬಹಳ ಜನ ನಂಬಿದ್ದಾರೆ. ಜೆಸ್ಸೊ ಮೊದಲೇ ಹಚ್ಚಿರುವ ಬಟ್ಟೆಗೆ ಅದು ಸರಿ. ಕೋರಾ ಬಟ್ಟೆಯ ಲೆಕ್ಕ ಬೇರೆ. ಜೆಸ್ಸೊದಲ್ಲಿರುವ ನೀರು ಹತ್ತಿಗೆ ತಾಗಿದ ಕೂಡಲೇ ಬಟ್ಟೆ ಕುಗ್ಗುತ್ತದೆ. ಮೊದಲೇ ಪೂರ್ತಿ ಬಿಗಿದಿದ್ದರೆ ಆ ಎಳೆತವೆಲ್ಲ ಮರದ ಮೇಲೆ ಬೀಳುತ್ತದೆ. ನಾಲ್ಕು ಪಟ್ಟಿಯಲ್ಲಿ ಯಾವುದು ಬಡವೋ ಅದು ಬಾಗುತ್ತದೆ. ಕೋರಾ ಬಟ್ಟೆಯನ್ನು ಸುಕ್ಕಿಲ್ಲದಷ್ಟು ಎಳೆದರೆ ಸಾಕು, ಉಳಿದದ್ದನ್ನು ಜೆಸ್ಸೊ ಮಾಡಿಕೊಳ್ಳುತ್ತದೆ.

ಇನ್ನು ಬಿಸಿಲು. ನಮ್ಮ ಬಳ್ಳಾರಿ ಬಿಸಿಲಿಗೆ ಹಸಿ ಮರ ಇಟ್ಟರೆ ಏನಾಗುತ್ತೆ ಅಂತ ಬಡಗಿಯನ್ನೇ ಕೇಳಿ! ಒಂದು ಮಗ್ಗುಲು ಬೇಗ ಒಣಗಿ ಪಟ್ಟಿ ಬಿಲ್ಲಾಗುತ್ತದೆ. ಬೇಸಿಗೆಯಲ್ಲಿ ಜೆಸ್ಸೊ ಕೆಲಸ ಬೆಳಗ್ಗೆಯೇ ಮುಗಿಸಿ. ಒಂಚೂರು ನೀರು ಬೆರೆಸಿ ತೆಳುವಾಗಿ ಹಚ್ಚಿ, ನೆರಳಲ್ಲಿ ಒಣಗಿಸಿ. ಫ್ಯಾನ್ ಕೆಳಗೂ ಬೇಡ, ಬ್ರಷ್ ಗುರುತು ಹಾಗೇ ಉಳಿದುಬಿಡುತ್ತದೆ.

ತಪ್ಪು ಮರದ್ದೋ ಎಳೆತದ್ದೋ ಅಂತ ತಿಳಿಯಲು ಪಿನ್ನೆಲ್ಲ ಕಿತ್ತು ಬರೀ ಚೌಕಟ್ಟನ್ನು ಸಮ ನೆಲದ ಮೇಲೆ ಇಡಿ. ನಾಲ್ಕೂ ಮೂಲೆ ನೆಲಕ್ಕೆ ಕೂತರೆ ಮರ ಚೆನ್ನಾಗಿದೆ, ಮತ್ತೆ ಬಿಗಿಯಬಹುದು. ಆಗಲೂ ಅಲ್ಲಾಡಿದರೆ ಆ ಚೌಕಟ್ಟಿನ ಆಸೆ ಬಿಡಿ. ಮೂಲೆಮಟ್ಟವನ್ನೂ ನೋಡಿ. ನಿಮ್ಮ ಅಳತೆಗೆ ಇದು ಬಹಳ ಸುಲಭ: 3 ಅಡಿ, 4 ಅಡಿ ಅಂದಮೇಲೆ ಎರಡೂ ಕರ್ಣ ಸರಿಯಾಗಿ 5 ಅಡಿ ಬರಬೇಕು. ಹೆಚ್ಚುಕಮ್ಮಿ ಇದ್ದರೆ ಮೂಲೆಯಲ್ಲಿ ನೆರಿಗೆ ಬೀಳಬಹುದು. ಹೊಸದು ಮಾಡಿಸುವುದಾದರೆ ಚೆನ್ನಾಗಿ ಒಣಗಿದ ಮರ ಕೇಳಿ, ನಡುವೆ ಒಂದು ಅಡ್ಡಪಟ್ಟಿಯೂ ಇರಲಿ.

ಒಳಅಂಚಿನ ಗೆರೆಗೆ ಕಾರಣ ಪಟ್ಟಿ ಚಪ್ಪಟೆಯಾಗಿರುವುದು. ಪಟ್ಟಿಯ ಹೊರಅಂಚು ಎತ್ತರವಿದ್ದು ಒಳಕ್ಕೆ ಇಳಿಜಾರಾಗಿರಬೇಕು, ಬಟ್ಟೆ ಹೊರಅಂಚಿಗೆ ಮಾತ್ರ ತಾಗಬೇಕು. ಕಿಟಕಿ, ಬಾಗಿಲು ಮಾಡುವ ಬಡಗಿಗೆ ಇದು ಗೊತ್ತಿರಬೇಕು ಅಂತೇನಿಲ್ಲ, ನಾವೇ ಹೇಳಬೇಕು. ಈಗಿರುವ ಚೌಕಟ್ಟಿಗೆ ಸುತ್ತಲೂ ಹೊರಅಂಚಿಗೆ ತೆಳುವಾದ ಮರದ ಬೀಡಿಂಗ್ ಹೊಡೆಸಿ, ಸಾಕು.

ಮತ್ತೆ ಬಿಗಿಯುವಾಗ ಬಟ್ಟೆಯ ಎಳೆ ಅಂಚಿಗೆ ಸಮನಾಗಿರಲಿ. ಒಂದು ಬದಿಯ ನಡುವಿಗೆ ಒಂದು ಪಿನ್, ಅದರ ಎದುರು ಬದಿಯ ನಡುವಿಗೆ ಒಂದು, ಆಮೇಲೆ ಉಳಿದೆರಡು ಬದಿ. ಅಲ್ಲಿಂದ ಎರಡೆರಡು ಇಂಚಿಗೆ ಒಂದರಂತೆ, ಎದುರುಬದುರು ಬದಿ ಬದಲಿಸುತ್ತಾ ಮೂಲೆಯತ್ತ ಹೋಗಿ. ಒಂದೇ ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಕೆಟ್ಟಿತು. ಪಿನ್ನಿನಿಂದ ಪಿನ್ನಿಗೆ ಎಳೆ ತೋರಣದಂತೆ ಬಾಗಿ ಕಂಡರೆ ಎಳೆದದ್ದು ಜಾಸ್ತಿಯಾಗಿದೆ. ಮೂಲೆಯ ಬಟ್ಟೆಯನ್ನು ಕತ್ತರಿಸಬೇಡಿ, ಮಡಚಿ ಹಿಂದಕ್ಕೆ ಪಿನ್ ಹೊಡೆಯಿರಿ.

ಸಡಿಲಾದ ಬಟ್ಟೆ ಬಿಗಿಸಲು ಅಂಗಡಿ ಚೌಕಟ್ಟಿನ ಜೊತೆ ಪುಟ್ಟ ಮರದ ಬೆಣೆ ಕೊಡುತ್ತಾರಲ್ಲ, ಅದು ನಿಮಗೆ ಕೆಲಸಕ್ಕೆ ಬಾರದು. ಬಡಗಿ ಮೂಲೆಗೆ ಫೆವಿಕಾಲ್ ಹಾಕಿ ಮೊಳೆ ಹೊಡೆದಿರುತ್ತಾನೆ. ಮೂಲೆ ಸಡಿಲಾಗಿದ್ದರೆ ತಾನೇ ಬೆಣೆ ಹೊಡೆದು ಅಗಲಿಸುವುದು?

ಬಳ್ಳಾರಿಯಲ್ಲಿ ಸುಲಭವಾಗಿ ಸಿಗುವ ಜೀನ್ಸ್ ಬಟ್ಟೆ ನಡೆಯುತ್ತಾ ಅಂತಲೂ ಕೆಲವರು ಕೇಳುತ್ತಾರೆ. ಪೂರ್ತಿ ಹತ್ತಿಯದಾದರೆ ನಡೆಯುತ್ತದೆ. ಎಳೆದರೆ ಹಿಗ್ಗುವ ಸ್ಟ್ರೆಚ್ ಬಟ್ಟೆ ಮಾತ್ರ ಬೇಡವೇ ಬೇಡ.

ಪ್ರಶ್ನೆ: ಕಿನ್ನಾಳದ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟು ಬಳಸುತ್ತಾರೆ. ಜೆಸ್ಸೊ ಬದಲು ಅದನ್ನೇ ಕ್ಯಾನ್ವಾಸಿಗೆ ಹಚ್ಚಬಹುದೇ? (ಕೊಪ್ಪಳದಿಂದ)

ಉತ್ತರ: ಬಿಗಿದ ಕ್ಯಾನ್ವಾಸಿಗೆ ಬೇಡ. ಕಿನ್ನಾಳದಲ್ಲಿ ಆ ಅಂಟನ್ನು ಮರದ ಹುಡಿ, ಗೋಣಿನಾರಿನ ಜೊತೆ ಕಲಸಿ ಮರದ ಗೊಂಬೆ ಮೇಲೆ ಮೆತ್ತುತ್ತಾರೆ. ಅಡಿಯಲ್ಲಿ ಗಟ್ಟಿ ಮರ ಇರುವುದರಿಂದ ಅದು ನಿಲ್ಲುತ್ತದೆ. ಬಿಗಿದ ಬಟ್ಟೆ ಸದಾ ಅಲುಗುತ್ತಿರುತ್ತದೆ, ಅದರ ಮೇಲೆ ಗಟ್ಟಿ ಅಂಟು ಬಿರಿಯುತ್ತದೆ. ಮಳೆಗಾಲದಲ್ಲಿ ಬೂಷ್ಟೂ ಹಿಡಿಯಬಹುದು. ಒಡಿಶಾದ ಪಟಚಿತ್ರದವರು ಹುಣಸೆ ಅಂಟಿಗೆ ಸೀಮೆಸುಣ್ಣದ ಪುಡಿ ಸೇರಿಸಿ ಬಟ್ಟೆಗೇ ಹಚ್ಚುತ್ತಾರೆ, ನಿಜ. ಆದರೆ ಅವರು ಬಟ್ಟೆಗಳನ್ನು ಪದರ ಪದರವಾಗಿ ಅಂಟಿಸಿ, ಕಲ್ಲಿನಿಂದ ಉಜ್ಜಿ ನಯ ಮಾಡುತ್ತಾರೆ. ನಿಮಗೆ ಆ ಅಂಟಿನಲ್ಲೇ ಕೆಲಸ ಮಾಡುವ ಆಸೆ ಇದ್ದರೆ ಒಂದು ಪ್ಲೈವುಡ್ ತುಂಡಿಗೆ ಬಟ್ಟೆ ಅಂಟಿಸಿ, ಅದರ ಮೇಲೆ ಹಚ್ಚಿ ನೋಡಿ.